ಖಾಲಿ ಪೇಪರಿಗೆ ಸೈನ್ ಹಾಕ್ಲೇಬೇಕಾ?

ನಿಮ್ಮ ಭಾವನನ್ನ ನಿನ್ನೆ ರಾತ್ರಿ ಕರ್ಕೊಂಡು ಹೋದ ಪೊಲೀಸರು ಇನ್ನೂ ಬಿಟ್ಟಿಲ್ಲ, ಖಾಲಿ ಪೇಪರಿಗೆ ಸೈನ್ ಹಾಕು ಅಂತಿದ್ದಾರೆ ಅಂದ್ರಲ್ಲ, ಹಾಕುದು ಬೇಡ ಮಾರ್ರೆ. ಸಂವಿಧಾನದ 20(3)ನೇ ವಿಧಿ ಉಂಟು, ಆರೋಪಿಗೆ ನಿನ್ನ ಮೇಲೆ ನೀನೇ ಸಾಕ್ಷಿ ಹೇಳು ಅಂತ ಒತ್ತಾಯ ಮಾಡ್ಲಿಕ್ಕಿಲ್ಲ. ಪೊಲೀಸರ ಎದುರು ತಪ್ಪು ಒಪ್ಕೊಂಡ್ರೂ ಅದು ಕೋರ್ಟಲ್ಲಿ ನಡೆಯುದಿಲ್ಲ (ಅವನು ಹೇಳಿದ್ರಿಂದ ಮಾಲು ಎಂತಾದ್ರೂ ಸಿಕ್ಕಿದ್ರೆ ಅಷ್ಟು ಭಾಗ ಮಾತ್ರ ಕೋರ್ಟಲ್ಲಿ ನಡೀತದೆ).

ಅದಕ್ಕಿಂತ ಟೈಮ್ ನೋಡಿ. 22ನೇ ವಿಧಿ ಪ್ರಕಾರ ಅರೆಸ್ಟ್ ಯಾಕೆ ಅಂತ ಹೇಳ್ಬೇಕು, ಅವನಿಗೆ ಬೇಕಾದ ವಕೀಲರನ್ನ ಕಾಣ್ಲಿಕ್ಕೆ ಬಿಡ್ಬೇಕು, 24 ಗಂಟೆ ಒಳಗೆ ಮ್ಯಾಜಿಸ್ಟ್ರೇಟ್ ಎದುರು ನಿಲ್ಲಿಸ್ಬೇಕು, ಪ್ರಯಾಣದ ಹೊತ್ತು ಮಾತ್ರ ಲೆಕ್ಕಕ್ಕಿಲ್ಲ, ಭಾನುವಾರ ಅಂತ ನೆವ ಹೇಳ್ಲಿಕ್ಕೂ ಇಲ್ಲ. ನಮ್ಮ ನೆರೆಮನೆ ಹುಡುಗನ್ನ ಎತ್ತಿದ್ದು ರಾತ್ರಿ 11ಕ್ಕೆ, ಅರೆಸ್ಟ್ ಮೆಮೋದಲ್ಲಿ (ಅರೆಸ್ಟ್ ಆದ ಟೈಮ್ ಬರೆಯುವ ಪೊಲೀಸರ ಕಾಗದ) ಬರ್ದದ್ದು ಮರುದಿನ ಬೆಳಿಗ್ಗೆ 9, ಹತ್ತು ಗಂಟೆ ಲೆಕ್ಕದಿಂದ್ಲೇ ಹೋಯ್ತು, ಅವನ ಅಮ್ಮ ಪಾಪ ಕನ್ನಡಕ ಇಲ್ಲದೆ ಸಾಕ್ಷಿ ಅಂತ ಅದ್ರ ಕೆಳಗೆ ಸೈನ್ ಹಾಕಿ ಬಂದಿದ್ರು! ಹಾಗಾಗಿ ಮೆಮೋ ಮೊದ್ಲು ಓದಿ, ತಪ್ಪಿದ್ರೆ ಪಕ್ಕದಲ್ಲೇ ಸರಿ ಟೈಮ್ ಬರ್ದು ಆಮೇಲೆ ಸೈನ್ ಮಾಡಿ, ಎದುರಿನ ಅಂಗಡಿಯಲ್ಲಿ ಸಿಸಿಟಿವಿ ಇದ್ರೆ ಇವತ್ತೇ ಕಾಪಿ ತೆಗ್ಸಿ ಇಡಿ.

ವಕೀಲರಿಗೆ ದುಡ್ಡಿಲ್ಲ ಅಂದ್ರೆ 15100ಕ್ಕೆ ಫೋನ್ ಮಾಡಿ, ಕಾನೂನು ಸೇವಾ ಪ್ರಾಧಿಕಾರದ್ದು, ಕಸ್ಟಡಿಯಲ್ಲಿ ಇರುವವರಿಗೆ ಆದಾಯ ಕೇಳದೆ ಫ್ರೀಯಾಗಿ ವಕೀಲರನ್ನ ಕೊಡ್ತಾರೆ. ರಾತ್ರಿ ಎಷ್ಟು ಗಂಟೆಗೆ ಕರ್ಕೊಂಡು ಹೋದದ್ದು ಅಂತ ಬರೀಲಿಲ್ಲ ನೀವು?