ಹೀ-ಮ್ಯಾನ್, ಥಂಡರ್‌ಕ್ಯಾಟ್ಸ್‌ನಂಥ ಹಳೆಯ ಆಟಿಕೆ ಕಾರ್ಟೂನ್‌ಗಳನ್ನು ಮತ್ತೆ ಮಾಡಿದರೆ ಯಾಕೆ ನಿಲ್ಲುವುದಿಲ್ಲ?

ಚಿಕ್ಕಂದಿನಲ್ಲಿ ದೂರದರ್ಶನದಲ್ಲಿ ನೋಡುತ್ತಿದ್ದ ಹೀ-ಮ್ಯಾನ್ ಅನ್ನು ಎಷ್ಟೋ ಸಲ ಹೊಸದಾಗಿ ತೆಗೆದರೂ ಒಂದೂ ಗಟ್ಟಿಯಾಗಿ ನಿಲ್ಲಲಿಲ್ಲ ಯಾಕೆ, ಈಗಿನವರಿಗೆ ಕಥೆ ಬರೆಯಲು ಬರುವುದಿಲ್ಲವೇ ಎಂದು ಕೇಳಿದ್ದೀರಿ. ಕಥೆಯ ಮೇಲೆ ತಪ್ಪು ಹೊರಿಸಲು ನಾನು ಒಪ್ಪುವುದಿಲ್ಲ. 2002ರ ಹೀ-ಮ್ಯಾನ್, 2011ರ ಥಂಡರ್‌ಕ್ಯಾಟ್ಸ್ ಎರಡೂ ಬರವಣಿಗೆಯಲ್ಲಿ ಮೂಲಕ್ಕಿಂತ ಮೇಲಿದ್ದವು. ಅವು ಸೋತದ್ದು ಆಟಿಕೆ ಅಂಗಡಿಯ ಕಪಾಟಿನಲ್ಲಿ. ಅದು ಹೇಗೆ ಎಂದು ತಿಳಿಯಬೇಕಾದರೆ ಮೊದಲ ಸಲ ಇವು ಗೆದ್ದದ್ದು ಹೇಗೆ ಎಂದು ನೋಡಬೇಕು.

ಮ್ಯಾಟೆಲ್ ಕಂಪನಿ 1982ರಲ್ಲಿ ಹೀ-ಮ್ಯಾನ್ ನಾಯಕನಾಗಿರುವ 'ಮಾಸ್ಟರ್ಸ್ ಆಫ್ ದಿ ಯೂನಿವರ್ಸ್' ಬೊಂಬೆಗಳನ್ನು ಮಾರಲು ಶುರುಮಾಡಿದಾಗ ಕಾರ್ಟೂನ್ ಇರಲೇ ಇಲ್ಲ. ಐದೂವರೆ ಇಂಚಿನ ಕಟ್ಟುಮಸ್ತಾದ ಬೊಂಬೆ, ಸೊಂಟ ತಿರುಗಿಸಿ ಬಿಟ್ಟರೆ ಸ್ಪ್ರಿಂಗ್ ಬಲದಿಂದ ಗುದ್ದುವ ಕೈ, ಜೊತೆಗೊಂದು ಪುಟಾಣಿ ಕಾಮಿಕ್ಸ್, ಇಷ್ಟೇ. ಒಂದೇ ಅಚ್ಚಿನಿಂದ ಹಲವು ಪಾತ್ರಗಳನ್ನು ತೆಗೆಯುತ್ತಿದ್ದರು. ಬೀಸ್ಟ್ ಮ್ಯಾನ್‌ನ ಅಚ್ಚಿಗೆ ಹಸಿರು ನಾರು ಹಚ್ಚಿ, ಪೈನ್ ಮರದ ಪರಿಮಳ ಬೆರೆಸಿದರೆ ಮಾಸ್ ಮ್ಯಾನ್. ಮರ್-ಮ್ಯಾನ್‌ನ ತಲೆಗೆ ಬೇರೆ ಬಣ್ಣ ಬಳಿದು, ಮತ್ತೊಂದು ಬೊಂಬೆಯ ಕವಚ ತೊಡಿಸಿ, ಪ್ಲಾಸ್ಟಿಕ್ಕಿಗೆ ದುರ್ವಾಸನೆ ಸೇರಿಸಿದರೆ ಸ್ಟಿಂಕಾರ್. ಹೀ-ಮ್ಯಾನ್ ಏರುವ ಬ್ಯಾಟಲ್ ಕ್ಯಾಟ್ ಅಂತೂ ಮ್ಯಾಟೆಲ್‌ನದೇ ಹಳೆಯ 'ಬಿಗ್ ಜಿಮ್' ಸರಣಿಯ ಹುಲಿ. ಮೈಗೆ ಹಸಿರು ಬಣ್ಣ, ಬೆನ್ನಿಗೊಂದು ಜೀನು. ಅಚ್ಚಿನ ಖರ್ಚು ಹೀಗೆ ಹಂಚಿಹೋಗುತ್ತಿದ್ದುದರಿಂದ ವರ್ಷ ವರ್ಷ ಹೊಸ ಪಾತ್ರಗಳನ್ನು ಬಿಡುವುದು ಹೊರೆಯಾಗಲಿಲ್ಲ.

ಕಾರ್ಟೂನ್ ಬಂದದ್ದು 1983ರಲ್ಲಿ, ಫಿಲ್ಮೇಷನ್ ಸ್ಟುಡಿಯೊದಿಂದ. ಮೊದಲ ಕಂತಿಗೇ 65 ಎಪಿಸೋಡು, ಎರಡು ವರ್ಷಕ್ಕೆ 130. ಈ 65ಕ್ಕೆ ಒಂದು ಲೆಕ್ಕವಿದೆ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದರಂತೆ ಹಾಕಿದರೆ ಸರಿಯಾಗಿ 13 ವಾರ, ಅಂದರೆ ಕಾಲು ವರ್ಷ. ಮುಗಿದ ಮೇಲೆ ಮತ್ತೆ ಮೊದಲಿನಿಂದ. ಮಗು ಶಾಲೆಯಿಂದ ಬರುವ ಹೊತ್ತಿಗೆ ವರ್ಷವಿಡೀ, ವಾರಕ್ಕೆ ಐದು ದಿನ ಅದೇ ಪಾತ್ರ ಟಿವಿಯಲ್ಲಿ. ಟಿವಿ ಸ್ಟೇಷನ್‌ಗಳು ಇದಕ್ಕೆ ರೊಕ್ಕ ಕೊಡಬೇಕಿರಲಿಲ್ಲ, ಜಾಹೀರಾತಿನ ಸಮಯದಲ್ಲಿ ಒಂದು ಪಾಲು ಬಿಟ್ಟುಕೊಟ್ಟರೆ ಸಾಕಿತ್ತು. ಓಡುವ, ಗುದ್ದುವ, ಕತ್ತಿ ಎತ್ತಿ ಕೂಗುವ ದೃಶ್ಯಗಳನ್ನು ಫಿಲ್ಮೇಷನ್ ಒಮ್ಮೆ ಚೆನ್ನಾಗಿ ಬಿಡಿಸಿಟ್ಟುಕೊಂಡು ಎಪಿಸೋಡಿಂದ ಎಪಿಸೋಡಿಗೆ ಮರುಬಳಸುತ್ತಿತ್ತು. ಹಾಗಾಗಿಯೇ ಅಷ್ಟು ಬೇಗ, ಅಷ್ಟು ಅಗ್ಗಕ್ಕೆ 130 ಮಾಡಲು ಸಾಧ್ಯವಾಯಿತು.

ಕಾನೂನೂ ಇದಕ್ಕೆ ಅನುವು ಮಾಡಿಕೊಟ್ಟಿತು. 1969ರಲ್ಲಿ 'ಹಾಟ್ ವೀಲ್ಸ್' ಕಾರುಗಳ ಕಾರ್ಟೂನ್ ಬಂದಾಗ, ಇದು ಕಾರ್ಯಕ್ರಮವಲ್ಲ, ಅರ್ಧ ಗಂಟೆಯ ಜಾಹೀರಾತು ಎಂಬ ದೂರು ಹೋಗಿ ಅಮೆರಿಕದ ಪ್ರಸಾರ ನಿಯಂತ್ರಕ ಸಂಸ್ಥೆ ಎಫ್‌ಸಿಸಿ ಗದರಿಸಿತ್ತು. ಅದೇ ಎಫ್‌ಸಿಸಿ 1984ರಲ್ಲಿ ಜಾಹೀರಾತಿನ ಮಿತಿಗಳನ್ನೆಲ್ಲ ತೆಗೆದುಹಾಕಿತು. ಟ್ರಾನ್ಸ್‌ಫಾರ್ಮರ್ಸ್, ಥಂಡರ್‌ಕ್ಯಾಟ್ಸ್, ಜಿ.ಐ. ಜೋದ ದೈನಂದಿನ ಸರಣಿ, ಎಲ್ಲವೂ ಬಂದದ್ದು ಆ ಎರಡು ವರ್ಷಗಳ ಒಳಗೆ. ಈ ಬಾಗಿಲು ಹೆಚ್ಚು ಕಾಲ ತೆರೆದಿರಲಿಲ್ಲ. 1990ರ ಮಕ್ಕಳ ಟಿವಿ ಕಾಯ್ದೆ ಗಂಟೆಗೆ ಇಷ್ಟೇ ಜಾಹೀರಾತು ಎಂದು ಮತ್ತೆ ಮಿತಿ ಹಾಕಿತು: ವಾರದ ದಿನಗಳಲ್ಲಿ 12 ನಿಮಿಷ, ವಾರಾಂತ್ಯದಲ್ಲಿ ಹತ್ತೂವರೆ. ಹೀ-ಮ್ಯಾನ್ ಕಾರ್ಟೂನಿನ ನಡುವೆ ಹೀ-ಮ್ಯಾನ್ ಬೊಂಬೆಯ ಜಾಹೀರಾತು ಹಾಕಿದರೆ ಇಡೀ ಕಾರ್ಯಕ್ರಮವನ್ನೇ ಜಾಹೀರಾತಾಗಿ ಲೆಕ್ಕ ಹಿಡಿಯುತ್ತಾರೆ.

ಹೀಗಾಗಿ ಹೀ-ಮ್ಯಾನ್ ಎಂದರೆ ಒಂದು ಪಾತ್ರವಷ್ಟೇ ಅಲ್ಲ. ಅಗ್ಗದ ಅಚ್ಚು, ದಿನಾ ಬರುವ ಕಾರ್ಟೂನ್, ಸಡಿಲ ಕಾನೂನು, ಊರೂರಿಗೆ ಆಟಿಕೆ ಅಂಗಡಿ, ಇಷ್ಟೂ ಸೇರಿ ನಡೆಯುತ್ತಿದ್ದ ಒಂದು ಯಂತ್ರ. ರೀಬೂಟ್ ಮಾಡುವವರು ಪಾತ್ರವನ್ನು ತರುತ್ತಾರೆ, ಯಂತ್ರವನ್ನು ತರಲಾರರು. ಆ ಯಂತ್ರವೂ ಭದ್ರವಾದದ್ದೇನಲ್ಲ ಎಂಬುದನ್ನು ಮರೆಯಬಾರದು. ಅಮೆರಿಕದಲ್ಲಿ 1986ರಲ್ಲಿ ಸುಮಾರು 40 ಕೋಟಿ ಡಾಲರ್ ಇದ್ದ ಹೀ-ಮ್ಯಾನ್ ಮಾರಾಟ 1987ರಲ್ಲಿ 70 ಲಕ್ಷಕ್ಕೆ ಕುಸಿಯಿತು. ಅದೇ ವರ್ಷ ಬಂದ, ಡಾಲ್ಫ್ ಲಂಡ್‌ಗ್ರೆನ್ ಹೀ-ಮ್ಯಾನ್ ಆಗಿ ನಟಿಸಿದ ಸಿನಿಮಾವೂ ಮಕಾಡೆ ಮಲಗಿತು.

ಈಗ ಕಪಾಟಿನ ವಿಷಯಕ್ಕೆ ಬರುತ್ತೇನೆ, ನಿಜವಾದ ಪೆಟ್ಟು ಬೀಳುವುದು ಇಲ್ಲೇ. ದೊಡ್ಡ ಅಂಗಡಿಗಳು ಬೊಂಬೆಗಳನ್ನು ಬಿಡಿಬಿಡಿಯಾಗಿ ಆರಿಸಿ ತರಿಸುವುದಿಲ್ಲ. ಕಂಪನಿ ಮೊದಲೇ ತುಂಬಿಟ್ಟ ಪೆಟ್ಟಿಗೆ ಬರುತ್ತದೆ, ಯಾವ ಪಾತ್ರ ಎಷ್ಟು ಎಂದು ನಿರ್ಧರಿಸುವುದು ಕಂಪನಿಯೇ. ಒಂದು ಪೆಟ್ಟಿಗೆಯಲ್ಲಿ 12 ಬೊಂಬೆ ಎಂದಿಟ್ಟುಕೊಳ್ಳಿ. ಹೆಸರಾಂತ ನಾಯಕ ಹೆಚ್ಚು ಹೋಗುತ್ತಾನೆಂದು ಅದರಲ್ಲಿ 5 ನಾಯಕ, 3 ಮುಖ್ಯ ಖಳನಾಯಕ, ಉಳಿದ ನಾಲ್ಕು ಪಾತ್ರ ಒಂದೊಂದು. ಮೊದಲ ವಾರ ಎಲ್ಲವೂ ಖಾಲಿ. ಎರಡನೇ ಪೆಟ್ಟಿಗೆ ಬಿಚ್ಚಿದಾಗ ಆ ನಾಲ್ಕು ಒಂಟಿ ಬೊಂಬೆಗಳು ಒಂದೇ ದಿನದಲ್ಲಿ ಹೋಗುತ್ತವೆ. ನಾಯಕನಂತೂ ಎಲ್ಲರ ಮನೆಗೂ ಆಗಲೇ ಹೋಗಿ ಕೂತಿದ್ದಾನೆ. ಮೂರನೇ ಪೆಟ್ಟಿಗೆಯ ಹೊತ್ತಿಗೆ ಕೊಕ್ಕೆಗಳ ತುಂಬ ಅವನೊಬ್ಬನೇ ನೇತಾಡುತ್ತಿರುತ್ತಾನೆ. ಸಂಗ್ರಾಹಕರು ಇಂಥ ಬೊಂಬೆಯನ್ನು ಪೆಗ್ ವಾರ್ಮರ್ ಎನ್ನುತ್ತಾರೆ. ಅಂಗಡಿಯ ಕಂಪ್ಯೂಟರ್‌ಗೆ ಪಾತ್ರದ ಹೆಸರು ಗೊತ್ತಿಲ್ಲ, ಈ ಸರಣಿಯ ಮಾಲು ಇನ್ನೂ ಇದೆ ಎಂಬುದಷ್ಟೇ ಗೊತ್ತು. ಅದು ಹೊಸ ಪೆಟ್ಟಿಗೆಗೆ ಆರ್ಡರ್ ಹಾಕುವುದಿಲ್ಲ. ಟಿವಿಯಲ್ಲಿ ಆ ವಾರ ಮಗು ನೋಡಿ ಬೆರಗಾದ ಹೊಸ ಖಳ ಗೋದಾಮಿನಲ್ಲೇ ಉಳಿಯುತ್ತಾನೆ.

2002ರ ಹೀ-ಮ್ಯಾನ್‌ಗೆ ಆದದ್ದು ಇದೇ. ಬೊಂಬೆ ಕೆತ್ತುವ ಫೋರ್ ಹಾರ್ಸ್‌ಮೆನ್ ತಂಡದ ಕೆತ್ತನೆ ಇಂದಿಗೂ ಕೈಯಲ್ಲಿ ಹಿಡಿದು ನೋಡುವಂತಿದೆ: ಮುಖ್ಯ ಖಳ ಸ್ಕೆಲೆಟರ್‌ನ ಮುಖದ ಎಲುಬಿನ ಬಿರುಕು, ಕವಚದ ಕಚ್ಚು, ಎಲ್ಲ. ಆದರೆ ಮ್ಯಾಟೆಲ್ ಪಾತ್ರಗಳನ್ನು ಹೆಚ್ಚಿಸುವ ಬದಲು ಹೀ-ಮ್ಯಾನ್ ಮತ್ತು ಸ್ಕೆಲೆಟರ್‌ಗೇ ಹೊಸ ಹೊಸ ಕವಚ ತೊಡಿಸುತ್ತ ಹೋಯಿತು. ಜಂಗಲ್ ಅಟ್ಯಾಕ್ ಹೀ-ಮ್ಯಾನ್, ಐಸ್ ಆರ್ಮರ್ ಹೀ-ಮ್ಯಾನ್, ಹೀಗೆ ಒಂದರ ಹಿಂದೆ ಒಂದು. ಕಪಾಟು ಕಟ್ಟಿಕೊಂಡಿತು, 39 ಎಪಿಸೋಡಿಗೆ ಕಾರ್ಟೂನ್ ನಿಂತಿತು. ಕಾರ್ಟೂನಿನಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡ ಕ್ಲಾಫುಲ್, ವೆಬ್‌ಸ್ಟರ್‌ನಂಥವರಿಗೆ ಆ ಸರಣಿಯಲ್ಲಿ ಬೊಂಬೆಯೇ ಬರಲಿಲ್ಲ. ಆಮೇಲೆ ನೆಕಾ ಕಂಪನಿ ಅವರನ್ನು ಕೈಕಾಲು ಆಡದ ಪುಟ್ಟ ಮೂರ್ತಿಗಳಾಗಿ ಮಾಡಿತು.

ಬೊಂಬೆ ಹೋಗದಿದ್ದರೆ ಕಾರ್ಟೂನ್ ಯಾಕೆ ನಿಲ್ಲಬೇಕು ಎಂದು ಕೇಳಬಹುದು. ನಿರ್ಮಾಣದ ಹಣದಲ್ಲಿ ದೊಡ್ಡ ಪಾಲು ಆಟಿಕೆ ಕಂಪನಿಯ ಲೈಸೆನ್ಸ್‌ನಿಂದ ಬರುತ್ತದೆ. 'ಯಂಗ್ ಜಸ್ಟೀಸ್' ಆಟಿಕೆಯಿಂದ ಹುಟ್ಟಿದ ಸರಣಿಯಲ್ಲ, ಆದರೂ ಅದರ ನಿರ್ಮಾಪಕ ಗ್ರೆಗ್ ವೈಸ್‌ಮನ್ ಮ್ಯಾಟೆಲ್ ಬೊಂಬೆ ನಿಲ್ಲಿಸಿದ ಮೇಲೆ ಹಣದ ಮೂಲ ಬತ್ತಿ ಸರಣಿ ನಿಂತಿತು ಎಂದು ಬಹಿರಂಗವಾಗಿಯೇ ಹೇಳಿದ್ದಾರೆ. ಜಪಾನಿನ ಸ್ಟುಡಿಯೊ 4°ಸಿ ಚಿತ್ರಿಸಿದ 2011ರ ಥಂಡರ್‌ಕ್ಯಾಟ್ಸ್ ನೋಡಲು ಅಷ್ಟು ಚೆಂದವಿತ್ತು. 26 ಎಪಿಸೋಡಿಗೆ ಕಥೆ ನಡುದಾರಿಯಲ್ಲಿ ತುಂಡಾಯಿತು.

ಸಮಯದ ಹೊಂದಾಣಿಕೆಯೂ ಕಷ್ಟ. ಬೊಂಬೆಯೊಂದು ಚಿತ್ರದಿಂದ ಅಂಗಡಿಗೆ ಬರಲು ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ ಬೇಕು: ಕೆತ್ತನೆ, ಕೀಲುಗಳ ಪರೀಕ್ಷೆ, ಉಕ್ಕಿನ ಅಚ್ಚು, ಮಾದರಿ ಎರಕ, ಬಣ್ಣ, ಸುರಕ್ಷತಾ ಪರೀಕ್ಷೆ, ಕೊನೆಗೆ ಹಡಗು. ಹಿಂದೆ ಕಾರ್ಟೂನ್ ವರ್ಷವಿಡೀ ಟಿವಿಯಲ್ಲಿರುತ್ತಿದ್ದುದರಿಂದ ಬೊಂಬೆ ಆರು ತಿಂಗಳು ತಡವಾದರೂ ನಡೆಯುತ್ತಿತ್ತು. ಈಗ ನೆಟ್‌ಫ್ಲಿಕ್ಸ್‌ನಲ್ಲಿ ಹತ್ತು ಎಪಿಸೋಡ್ ಒಂದೇ ದಿನ ಬೀಳುತ್ತವೆ, ಮಗು ಒಂದು ವಾರಾಂತ್ಯದಲ್ಲಿ ನೋಡಿ ಮುಗಿಸಿ ಬೇರೆಯದಕ್ಕೆ ಹೋಗುತ್ತದೆ. ಬೊಂಬೆ ಬರುವಷ್ಟರಲ್ಲಿ ಆಸೆ ಆರಿರುತ್ತದೆ. ಇದರ ಮೇಲೆ, ಇಡೀ ಅಂಗಡಿಯನ್ನೇ ಆಟಿಕೆಗೆ ಮೀಸಲಿಟ್ಟಿದ್ದ ಟಾಯ್ಸ್ 'ಆರ್' ಅಸ್ 2017ರಲ್ಲಿ ದಿವಾಳಿಗೆ ಅರ್ಜಿ ಹಾಕಿ ಮರುವರ್ಷ ಅಮೆರಿಕದ ಮಳಿಗೆಗಳನ್ನು ಮುಚ್ಚಿತು. ಉಳಿದ ದೊಡ್ಡ ಅಂಗಡಿಗಳಲ್ಲಿ ಆಟಿಕೆಗೆ ಸಿಗುವುದು ಕೆಲವೇ ಸಾಲು.

ಇನ್ನು, ಯಾರಿಗಾಗಿ ಮಾಡುವುದು ಎಂಬ ಗೊಂದಲ. ಹೆಸರು ಕೇಳಿದೊಡನೆ ಕಿವಿ ನಿಮಿರುವುದು ನಲವತ್ತು ದಾಟಿದವರದು. ಅವರಿಗೆ ತಾವು ಕಂಡದ್ದೇ ಬೇಕು, ಸ್ವಲ್ಪ ಗಂಭೀರವಾಗಿ ಬೇಕು. ಏಳು ವರ್ಷದ ಮಗುವಿಗೆ ಆ ಹೆಸರೇ ಗೊತ್ತಿಲ್ಲ. 2021ರಲ್ಲಿ ಈ ಗೊಂದಲ ಕಣ್ಣಿಗೆ ಕಟ್ಟುವಂತಿತ್ತು. ಜುಲೈನಲ್ಲಿ ಕೆವಿನ್ ಸ್ಮಿತ್ ಅವರ 'ರೆವಲೇಷನ್' ದೊಡ್ಡವರಿಗಾಗಿ ಬಂತು, ಮೊದಲ ಎಪಿಸೋಡಿನಲ್ಲೇ ಹೀ-ಮ್ಯಾನ್ ಸತ್ತು ಕಥೆ ಅವನ ಜೊತೆಗಾತಿ ಟೀಲಾಳ ಕಡೆ ತಿರುಗಿತು, ಹಳೆಯ ಅಭಿಮಾನಿಗಳಲ್ಲಿ ಒಂದು ದೊಡ್ಡ ಗುಂಪು ಸಿಟ್ಟಾಯಿತು. ಸೆಪ್ಟೆಂಬರ್‌ನಲ್ಲಿ ಮಕ್ಕಳಿಗೆಂದು ಕಂಪ್ಯೂಟರ್ ಅನಿಮೇಷನ್‌ನ ಬೇರೆಯದೇ ಹೀ-ಮ್ಯಾನ್ ಬಂದ. ಅಂಗಡಿಯಲ್ಲಿ ಹಳೆಯ ಮಾದರಿಯ ಐದೂವರೆ ಇಂಚಿನ 'ಒರಿಜಿನ್ಸ್', ಏಳು ಇಂಚಿನ 'ಮಾಸ್ಟರ್‌ವರ್ಸ್', ಮಕ್ಕಳ ಸರಣಿಯ ಬೊಂಬೆ, ಮೂರೂ ಏಕಕಾಲಕ್ಕೆ. ಮಾಸ್ಟರ್‌ವರ್ಸ್ ಬೊಂಬೆ ಒರಿಜಿನ್ಸ್ ಬೊಂಬೆಯ ಪಕ್ಕ ನಿಂತರೆ ಅಳತೆ ಹೊಂದುವುದಿಲ್ಲ. ಮೊಮ್ಮಗನಿಗೆ ಉಡುಗೊರೆ ಕೊಳ್ಳಲು ಬಂದ ಅಜ್ಜಿ ಯಾವ ಹೀ-ಮ್ಯಾನ್ ಕೊಳ್ಳಬೇಕು? ನನ್ನ ದೃಷ್ಟಿಯಲ್ಲಿ ಅಭಿಮಾನಿಗಳ ಸಿಟ್ಟಿಗಿಂತ ಈ ಗೊಂದಲವೇ ಹೆಚ್ಚು ಹಾನಿ ಮಾಡಿತು.

ಮೂಲಕ್ಕೆ ನಿಷ್ಠರಾಗಿರಿ ಎನ್ನುವವರಿಗೂ ಒಂದು ಮಾತು. ಯಾವ ಮೂಲ? ಮೊದಲ ಕಾಮಿಕ್ಸ್‌ಗಳಲ್ಲಿ ಹೀ-ಮ್ಯಾನ್ ಕಾಡಿನ ಬುಡಕಟ್ಟಿನವನು, ಕತ್ತಿ ಎತ್ತಿ ಹೀ-ಮ್ಯಾನ್ ಆಗುವ ರಾಜಕುಮಾರ ಆಡಮ್ ಎಂಬವನೇ ಇರಲಿಲ್ಲ. ಅರಮನೆ, ಗುಟ್ಟಿನ ರೂಪ, ಕೊನೆಯಲ್ಲಿ ಹೇಳುವ ನೀತಿ, ನಮಗೆ ನೆನಪಿರುವ ಇವೆಲ್ಲ ಆಮೇಲೆ ಸೇರಿದ್ದು. ಹಕ್ಕುಗಳೂ ಒಂದೇ ಕೈಯಲ್ಲಿಲ್ಲ. ಪಾತ್ರಗಳು ಮ್ಯಾಟೆಲ್‌ನವು, ಫಿಲ್ಮೇಷನ್ 1989ರಲ್ಲಿ ಮುಚ್ಚಿದ ಮೇಲೆ ಅದರ ಕಾರ್ಟೂನ್ ಭಂಡಾರ ಕೈಯಿಂದ ಕೈಗೆ ಮಾರಾಟವಾಗುತ್ತ ಡ್ರೀಮ್‌ವರ್ಕ್ಸ್ ಸ್ಟುಡಿಯೊ ಸೇರಿತು. 2018ರ ಶೀ-ರಾ ಕಾರ್ಟೂನ್ ಬಂದದ್ದು ಡ್ರೀಮ್‌ವರ್ಕ್ಸ್‌ನಿಂದಲೇ. 52 ಎಪಿಸೋಡಿನಲ್ಲಿ ಅವಳ ಅವಳಿ ಅಣ್ಣ ಹೀ-ಮ್ಯಾನ್ ಒಮ್ಮೆಯೂ ಬರುವುದಿಲ್ಲ. ಹೆಸರುಗಳೂ ಕೈತಪ್ಪುತ್ತವೆ. ಅಮೆರಿಕದ ಕಾನೂನಿನಲ್ಲಿ ಮೂರು ವರ್ಷ ಸತತವಾಗಿ ಬಳಸದ ಟ್ರೇಡ್‌ಮಾರ್ಕ್ ಅನ್ನು ಬಿಟ್ಟುಕೊಟ್ಟಂತೆಯೇ ಎಂದು ಮೇಲ್ನೋಟಕ್ಕೆ ಭಾವಿಸುತ್ತಾರೆ. 'ಮೈ ಲಿಟಲ್ ಪೋನಿ'ಯನ್ನು ಹೊಸದಾಗಿ ಕಟ್ಟಿದ ಲಾರೆನ್ ಫಾಸ್ಟ್‌ಗೆ ಚಿಕ್ಕಂದಿನ ಪ್ರೀತಿಯ ಕುದುರೆಗಳ ಹೆಸರನ್ನೆಲ್ಲ ಉಳಿಸಿಕೊಳ್ಳಲಾಗಲಿಲ್ಲ. ಫೈರ್‌ಫ್ಲೈ ರೇನ್‌ಬೋ ಡ್ಯಾಶ್ ಆಯಿತು, ಪೋಸಿ ಫ್ಲಟರ್‌ಶೈ ಆಯಿತು.

ಆ ಪೋನಿ ಸರಣಿ 2010ರಿಂದ 2019ರವರೆಗೆ ಒಂಬತ್ತು ಸೀಸನ್ ಓಡಿತು. ಅಂದರೆ ಗೆಲ್ಲುವುದು ಅಸಾಧ್ಯವಲ್ಲ. ಅಲ್ಲಿ ಯಂತ್ರವನ್ನೇ ಹೊಸದಾಗಿ ಕಟ್ಟಿದ್ದರು: ಹ್ಯಾಸ್ಬ್ರೊ ಕಂಪನಿ ಡಿಸ್ಕವರಿ ಜೊತೆ ಸೇರಿ 'ಹಬ್' ಎಂಬ ಸ್ವಂತ ಚಾನಲ್ ತೆರೆದಿತ್ತು, ಆರು ಪಾತ್ರಗಳಿಗೆ ಆರು ಸ್ಪಷ್ಟ ಸ್ವಭಾವಗಳಿದ್ದವು, ಐದು ವರ್ಷದ ಹುಡುಗಿಯೂ ಒಂದನ್ನು ತನ್ನದು ಎಂದು ಆರಿಸಿಕೊಳ್ಳಬಹುದಿತ್ತು. ಟ್ರಾನ್ಸ್‌ಫಾರ್ಮರ್ಸ್ ಅನ್ನು ಹೊಸದಾಗಿ ತೆಗೆದ 1996ರ 'ಬೀಸ್ಟ್ ವಾರ್ಸ್' ಇನ್ನೂ ದಿಟ್ಟ ಕೆಲಸ. ಟ್ರಕ್ಕಾಗಿದ್ದ ನಾಯಕ ಆಪ್ಟಿಮಸ್‌ನ ಜಾಗಕ್ಕೆ ಗೊರಿಲ್ಲಾ ಬಂತು, ಹಳಬರು ಬೊಬ್ಬೆ ಹಾಕಿದರು. ಕಂಪ್ಯೂಟರ್ ಮಾದರಿಗಳು ಆಗ ದುಬಾರಿಯಾದ್ದರಿಂದ ಪಾತ್ರಗಳನ್ನು ಬೆರಳೆಣಿಕೆಗೆ ಇಳಿಸಬೇಕಾಯಿತು, ಅದರಿಂದಲೇ ಪ್ರತಿ ಪಾತ್ರಕ್ಕೂ ಆಳ ಬಂತು. ಟ್ರಾನ್ಸ್‌ಫಾರ್ಮರ್‌ಗೆ ಇನ್ನೊಂದು ಅನುಕೂಲವೂ ಇದೆ, ನಾನು ಇದನ್ನೇ ದೊಡ್ಡದೆಂದು ಎಣಿಸುತ್ತೇನೆ: ಕಾರ್ಟೂನ್ ನೋಡದ ಮಗುವಿನ ಕೈಗೆ ಕೊಟ್ಟರೂ ಅದು ಕಾರನ್ನು ಮಡಚಿ ಬಿಚ್ಚಿ ರೋಬೋ ಮಾಡಲು ಕೂರುತ್ತದೆ. ಆಟ ಆಟಿಕೆಯೊಳಗೇ ಇದೆ. ಹೀ-ಮ್ಯಾನ್ ಬೊಂಬೆಗೆ ಟಿವಿಯಲ್ಲಿ ಕಂಡ ಕಥೆಯೇ ಜೀವ.

ನಮ್ಮಲ್ಲಿ ಈ ನೆನಪು ಇನ್ನೂ ಕಡಿಮೆ ಕಾಲದ್ದು. ಹೀ-ಮ್ಯಾನ್ ಬೊಂಬೆಗಳನ್ನು ಲಿಯೊ, ಜಿ.ಐ. ಜೋಗಳನ್ನು ಫನ್‌ಸ್ಕೂಲ್ ಇಲ್ಲೇ ತಯಾರಿಸಿ ಮಾರುತ್ತಿದ್ದವು, ಅದಕ್ಕೇ ಬೆಂಗಳೂರಿನ ಮಗುವಿಗೂ ಅವು ಎಟುಕುತ್ತಿದ್ದವು. ಈಗ ಬರುವ ಸಂಗ್ರಾಹಕರ ಬೊಂಬೆಗಳು ಹೆಚ್ಚಾಗಿ ಆಮದು ಮಾಲು, ಬೆಲೆಯೂ ದೊಡ್ಡವರ ಜೇಬಿಗೆ ತಕ್ಕದ್ದು.

ಮುಂದೆ ಇಂಥ ರೀಬೂಟ್ ಸುದ್ದಿ ಬಂದಾಗ ಟ್ರೈಲರ್‌ಗಿಂತ ಮೊದಲು ನಾನು ನೋಡುವುದು ಬೇರೆ. ಎಷ್ಟು ಎಪಿಸೋಡಿಗೆ ಒಪ್ಪಂದವಾಗಿದೆ, ವಾರವಾರ ಬರುತ್ತದೋ ಒಂದೇ ಸಲ ಸುರಿಯುತ್ತಾರೋ. ಬೊಂಬೆ ಕಾರ್ಟೂನಿಗಿಂತ ಮುಂಚೆ ಅಂಗಡಿಯಲ್ಲಿರುತ್ತದೋ ಇಲ್ಲವೋ. ಮಗು ಹಟ ಮಾಡಿದರೆ ಅಪ್ಪ ಯೋಚಿಸದೆ ಕೊಡಿಸಬಹುದಾದ ಬೆಲೆಯ ಒಂದು ಬೊಂಬೆಯಾದರೂ ಇದೆಯೋ. ಮೊದಲ ಪೆಟ್ಟಿಗೆಯಲ್ಲಿ ನಾಯಕನಿಗೆ ಹೊಡೆದಾಡಲು ಎಷ್ಟು ಜನ ಖಳರಿದ್ದಾರೆ. ಹೊಸ ಬೊಂಬೆಗಳ ಪಟ್ಟಿಯಲ್ಲಿ ಒಬ್ಬನೇ ನಾಯಕ ನಾಲ್ಕು ಬಣ್ಣದ ಕವಚದಲ್ಲಿ ಕಂಡರೆ ಎರಡನೇ ಸೀಸನ್ ಬರುತ್ತದೆಂದು ನಾನು ನಂಬುವುದಿಲ್ಲ.