ಲಕ್ಷ ಮೊಟ್ಟೆ ಇಟ್ಟರೂ ಮೀನು ಯಾಕೆ ಖಾಲಿಯಾಗುತ್ತದೆ?

ಪ್ರಶ್ನೆ: ಒಂದೊಂದು ಮೀನು ಲಕ್ಷಗಟ್ಟಲೆ ಮೊಟ್ಟೆ ಇಡುತ್ತದಂತೆ. ಹಾಗಿದ್ದ ಮೇಲೆ ಎಷ್ಟು ಹಿಡಿದರೆ ಏನು? ಅತಿ ಮೀನುಗಾರಿಕೆ ಅನ್ನೋದು ಸುಮ್ಮನೆ ಹೆದರಿಸುವ ಮಾತಲ್ಲವೇ?

ಉತ್ತರ: ಈ ಪ್ರಶ್ನೆ ಬಾರದ ತಿಂಗಳಿಲ್ಲ, ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಈ ಸಲ ಬಿಡಿಸಿ ಹೇಳುತ್ತೇನೆ.

ಒಂದು ಹೆಣ್ಣು ಮೀನು ತನ್ನ ಆಯುಷ್ಯದಲ್ಲಿ 10 ಲಕ್ಷ ಮೊಟ್ಟೆ ಇಟ್ಟಿತು ಎನ್ನಿ. ಆ ನೀರಿನಲ್ಲಿ ಮೀನಿನ ಸಂಖ್ಯೆ ಏರದೆ ಇಳಿಯದೆ ಇದ್ದಷ್ಟೇ ಇದ್ದರೆ, ಆ 10 ಲಕ್ಷದಲ್ಲಿ ಬೆಳೆದು ದೊಡ್ಡದಾಗುವುದು ಸರಾಸರಿ ಎರಡೇ. ತಾಯಿಯ ಜಾಗಕ್ಕೊಂದು, ತಂದೆಯ ಜಾಗಕ್ಕೊಂದು. ಉಳಿದ 9,99,998 ಸತ್ತವು. ಅಷ್ಟು ಸಾಯುತ್ತವೆ ಎಂದೇ ಅಷ್ಟು ಮೊಟ್ಟೆ ಬೇಕು.

ಮೊಟ್ಟೆಯಿಂದ ಹೊರಬಂದ ಮರಿಯ ಹೊಟ್ಟೆಗೆ ಮೊಟ್ಟೆಯ ಹಳದಿ ಭಾಗ ತುಂಬಿದ ಚೀಲವೊಂದು ಅಂಟಿರುತ್ತದೆ, ಮೊದಲ ಆಹಾರ ಅದೇ. ಅದು ಕರಗುವ ಹೊತ್ತಿಗೆ ಬಾಯಿಗೆ ಹಿಡಿಸುವಂಥ ಪ್ಲಾಂಕ್ಟನ್, ಅಂದರೆ ನೀರಿನಲ್ಲಿ ತೇಲುವ ಸಣ್ಣ ಜೀವಿಗಳು, ಸುತ್ತಮುತ್ತ ಇಲ್ಲದಿದ್ದರೆ ಮರಿ ಹಸಿದು ಸಾಯುತ್ತದೆ. ಇದನ್ನು 1914ರಲ್ಲೇ ನಾರ್ವೆಯ ಮೀನು ವಿಜ್ಞಾನಿ ಯೋಹಾನ್ ಯೋರ್ಟ್ ಮುಂದಿಟ್ಟಿದ್ದ. ಅಲ್ಲಿನ ಹೆರಿಂಗ್ ಮೀನಿನಲ್ಲಿ 1904ರಲ್ಲಿ ಹುಟ್ಟಿದ ಒಂದೇ ಪೀಳಿಗೆ ಮುಂದೆ ಹಲವು ವರ್ಷ ಬಲೆ ತುಂಬಿತು. ಹೀಗೆ ಬದುಕುಳಿದು ಬಲೆಗೆ ಸಿಗುವ ಗಾತ್ರಕ್ಕೆ ಬಂದು ಸೇರುವ ಮರಿಗಳ ಸಂಖ್ಯೆಯೇ ರಿಕ್ರೂಟ್‌ಮೆಂಟ್. ಮೊಟ್ಟೆ ಎಣಿಸಬೇಡಿ, ಇದನ್ನು ಕೇಳಿ.

ಮರಿಗಳಿಗೆ ಒಳ್ಳೆಯ ವರ್ಷ ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ. ಅದಕ್ಕೇ ತಾಯಿ ಮೀನುಗಳು ವರ್ಷ ವರ್ಷವೂ ಮೊಟ್ಟೆ ಇಡುತ್ತ ನೀರಿನಲ್ಲಿ ಉಳಿದಿರಬೇಕು. ಸಣ್ಣ ಕಣ್ಣಿನ ಬಲೆಯಲ್ಲಿ ಬಂದ ಮೀನನ್ನು ಒಮ್ಮೆ ಸೀಳಿ ನೋಡಿ. ಅಂಡಾಶಯ ಗಾಜಿನ ಎಳೆಯಂತೆ, ಬೆನ್ನಿನ ಕೆಳಗೆ ಅಂಟಿಕೊಂಡು, ಕಣ್ಣಿಗೆ ಕಂಡೂ ಕಾಣದಂತಿರುತ್ತದೆ. ಒಂದು ಸಲವೂ ಮೊಟ್ಟೆ ಇಡದ ಮೀನು ಅದು. ಬಲಿತ ಮೀನಾದರೆ ಹೊಟ್ಟೆಯ ತುಂಬ ಕಾಳು ಕಾಳಾದ ಹಳದಿ ಗೆಡ್ಡೆಗಳೆರಡು. ಇಂಥವನ್ನು ದಿನವೂ ಸೀಳುವವಳು ನಾನು, ಎಳೆಯವೇ ಸಾಲಾಗಿ ಬಂದ ದಿನ ಕೈ ಓಡುವುದಿಲ್ಲ.

ಬೆಳೆಯಲು ಬಿಡದೆ ಎಳೆಯದನ್ನೇ ಹಿಡಿದರೆ ಸಿಗುವ ತೂಕ ನಷ್ಟ. ಅದು ಅತಿ ಮೀನುಗಾರಿಕೆಯ ಒಂದು ಬಗೆ, ಬಲೆಯ ಕಣ್ಣು ದೊಡ್ಡದು ಮಾಡಿದರೆ ಸರಿಹೋಗಬಹುದು. ತಾಯಿ ಮೀನೇ ಸಾಲದಷ್ಟು ಹಿಡಿದುಬಿಟ್ಟರೆ ಮುಂದಿನ ಪೀಳಿಗೆಯೇ ಕುಸಿಯುತ್ತದೆ. ಈ ಎರಡನೆಯದು ಭಯಂಕರ. ಕೆನಡಾದ ನ್ಯೂಫೌಂಡ್‌ಲೆಂಡ್ ತೀರದಲ್ಲಿ 1968ರಲ್ಲಿ ಸುಮಾರು 8 ಲಕ್ಷ ಟನ್ ಕಾಡ್ ಎಂಬ ಮೀನು ಹಿಡಿದರು, 1992ರಲ್ಲಿ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ದಶಕಗಳು ಕಳೆದರೂ ಹಳೆಯ ಮಟ್ಟ ಮರಳಿಲ್ಲ. ಕಾಡ್ ಮೀನೂ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ.

ಪ್ರಶ್ನೆ: ತೂಕ ನೋಡಿ ಮೀನಿನ ವಯಸ್ಸು ಹೇಳಬಹುದೇ?

ಉತ್ತರ: ಆಗದು. ಮೇವು ಸಿಕ್ಕ ಮೀನು ಬೇಗ ದಪ್ಪವಾಗುತ್ತದೆ, ಸಿಗದ್ದು ಸೊರಗುತ್ತದೆ. ತಲೆಯೊಳಗಿನ ಕಿವಿಕಲ್ಲನ್ನು ತೆಳ್ಳಗೆ ಕತ್ತರಿಸಿ, ಉಂಗುರ ಎಣಿಸಬೇಕು.

ಪ್ರಶ್ನೆ: ತಿಮಿಂಗಿಲ ಮೀನೇ?

ಉತ್ತರ: ಅಲ್ಲ. ಹಾಲೂಡಿಸುವ ಸಸ್ತನಿ.

ಪ್ರಶ್ನೆ: ಒಂದೇ ತಿಂಗಳಲ್ಲಿ ಕೊಳದ ಮೀನನ್ನು ಎರಡು ಪಟ್ಟು ಉದ್ದ ಮಾಡುವ ಪುಡಿ ಮಾರುತ್ತಿದ್ದಾರೆ. ಕೊಳ್ಳಲೇ?

ಉತ್ತರ: ಬೇಡ. ಆಕಾರ ಬದಲಾಗದೆ ಉದ್ದ ಎರಡರಷ್ಟಾದರೆ ತೂಕ ಎಂಟು ಪಟ್ಟು. ಅಷ್ಟು ಮಾಂಸ ಪುಡಿಯಿಂದ ಬರುವುದಿಲ್ಲ, ಮೇವಿನಿಂದಲೇ ಬರಬೇಕು. ಒಳಗೇನಿದೆ ಎಂದು ಬರೆಯದ ಪೊಟ್ಟಣವನ್ನು ನೀರಿಗೆ ಸುರಿಯಲೇಬೇಡಿ. ಅದರ ಬದಲು ಸೂರ್ಯ ಹುಟ್ಟುವ ಮೊದಲು ಕೊಳದ ಹತ್ತಿರ ನಿಂತು ನೋಡಿ. ಆಮ್ಲಜನಕ ತೀರಾ ಇಳಿದಿರುವ ಹೊತ್ತು ಅದು. ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಮೇವು ನಿಲ್ಲಿಸಿ, ನೀರಿಗೆ ಗಾಳಿ ಬೆರೆಸುವ ಏರೇಟರ್ ಹಾಕಿ.