ವಿಎಂವೇರ್‌ನಿಂದ ಪ್ರಾಕ್ಸ್‌ಮಾಕ್ಸ್‌ಗೆ ತಂದ ವಿಂಡೋಸ್ ವಿಎಂ ಬೂಟ್ ಆಗದಿದ್ದರೆ

ಸರ್, ವಿಎಂವೇರ್‌ನಿಂದ ಪ್ರಾಕ್ಸ್‌ಮಾಕ್ಸ್‌ಗೆ (ಎರಡೂ ವಿಎಂ, ಅಂದರೆ ವರ್ಚುವಲ್ ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್) ತಂದ ವಿಂಡೋಸ್ ಸರ್ವರ್ 2019 ನೀಲಿ ಪರದೆಯಲ್ಲಿ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ತೋರಿಸಿ ರೀಸ್ಟಾರ್ಟ್ ಆಗ್ತಾನೇ ಇದೆ, ಹೊಸದಾಗಿ ಇನ್‌ಸ್ಟಾಲ್ ಮಾಡಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ನೀಲಿ ಪರದೆವರೆಗೆ ಬಂದಿದೆ ಅಂದರೆ ವಿಂಡೋಸನ್ನು ಶುರು ಮಾಡುವ ಬೂಟ್‌ಲೋಡರ್ ಸಿಕ್ಕಿದೆ, ವಿಂಡೋಸ್‌ನ ತಿರುಳಾದ ಕರ್ನಲ್ ಲೋಡ್ ಆಗಿದೆ. ಅಲ್ಲೀವರೆಗೆ ಡಿಸ್ಕ್ ಓದಿಕೊಟ್ಟಿದ್ದು ಫರ್ಮ್‌ವೇರ್ (ವಿಎಂ ಆನ್ ಆದಾಗ ಮೊದಲು ಓಡುವ ಬಯಾಸ್ ಅಥವಾ ಇಎಫ್‌ಐ). ಮುಂದೆ ವಿಂಡೋಸ್ ತನ್ನ ಡ್ರೈವರ್‌ನಿಂದಲೇ ಓದಬೇಕು, ಆದರೆ ಪ್ರಾಕ್ಸ್‌ಮಾಕ್ಸ್‌ನಲ್ಲಿ ಡಿಸ್ಕ್ ಜೋಡಿಸುವ ವೇಗದ ವರ್ಚುವಲ್ ಕಂಟ್ರೋಲರ್ ಆದ ವರ್ಟ್‌ಐಒ ಸ್ಕಸಿಯ ಡ್ರೈವರ್ ವಿಂಡೋಸ್ ಜೊತೆ ಬರುವುದಿಲ್ಲ. ಅದಕ್ಕೇ ಮೊದಲು ವಿಂಡೋಸ್‌ಗೆ ಗೊತ್ತಿರುವ ಸಾಟಾದಲ್ಲಿ ಬೂಟ್ ಮಾಡೋಣ.

ಮೊದಲು ಬ್ಯಾಕಪ್ ತೆಗೆದುಕೊಳ್ಳಿ. ವಿಎಂ ಆಫ್ ಮಾಡಿ, ಹಾರ್ಡ್‌ವೇರ್‌ನಲ್ಲಿ ಡಿಸ್ಕ್ ಆರಿಸಿ ‘ಡಿಟ್ಯಾಚ್’ ಒತ್ತಿ. ಅದು ‘ಅನ್‌ಯೂಸ್ಡ್ ಡಿಸ್ಕ್’ ಆಗಿ ಅಲ್ಲೇ ಉಳಿಯುತ್ತದೆ. ಆ ಸಾಲಿನ ಮೇಲೆ ಮಾತ್ರ ‘ರಿಮೂವ್’ ಒತ್ತಬೇಡಿ, ಡಿಸ್ಕ್ ಅಳಿಸಿಹೋಗುತ್ತದೆ. ಅದರ ಮೇಲೆ ಡಬಲ್ ಕ್ಲಿಕ್ ಮಾಡಿ ಬಸ್ (ಡಿಸ್ಕ್ ಜೋಡಿಸುವ ಬಗೆ) ಜಾಗದಲ್ಲಿ ಸಾಟಾ ಕೊಟ್ಟು ಸೇರಿಸಿ. ನಂತರ ಆಪ್ಷನ್ಸ್‌ನ ಬೂಟ್ ಆರ್ಡರ್‌ನಲ್ಲಿ ಆ ಡಿಸ್ಕ್‌ಗೆ ಟಿಕ್ ಹಾಕಿ. ಇದನ್ನು ಮರೆತರೆ ಬೂಟ್ ಮಾಡೋಕೆ ಡಿಸ್ಕೇ ಇಲ್ಲ ಅನ್ನುವ ಹೊಸ ತೊಂದರೆ ಶುರುವಾಗುತ್ತದೆ. ಸಾಟಾಗೂ ಬಗ್ಗದಿದ್ದರೆ ಇನ್ನೂ ಹಳೆಯ ಬಗೆಯಾದ ಐಡಿಇ ಹಾಕಿ ನೋಡಿ.

ಬೂಟ್ ಆದ ಮೇಲೆ ಸಾಟಾದಲ್ಲೇ ಬಿಡಬಹುದು, ಓಡುತ್ತದೆ. ಆದರೆ ಡೇಟಾಬೇಸ್ ಇರುವ ಸರ್ವರ್‌ಗೆ ವರ್ಟ್‌ಐಒ ವೇಗ ಬೇಕೇ ಬೇಕು. ಅದಕ್ಕೆ ವಿಎಂ ಆಫ್ ಮಾಡಿ, ಸ್ಕಸಿ ಕಂಟ್ರೋಲರ್ ‘ವರ್ಟ್‌ಐಒ ಸ್ಕಸಿ ಸಿಂಗಲ್’ ಇಟ್ಟು, ಸ್ಕಸಿ ಬಸ್‌ನಲ್ಲಿ 1 ಜಿಬಿಯ ಖಾಲಿ ಡಿಸ್ಕ್ ಸೇರಿಸಿ. ವರ್ಟ್‌ಐಒ-ವಿನ್ ಐಎಸ್‌ಒ (ವಿಂಡೋಸ್‌ಗಾಗಿ ವರ್ಟ್‌ಐಒ ಡ್ರೈವರ್‌ಗಳಿರುವ ಸಿಡಿ ಇಮೇಜ್) ಸಿಡಿ ಡ್ರೈವ್‌ಗೆ ಹಾಕಿ, ವಿಎಂ ಆನ್ ಮಾಡಿ, ಒಳಗಿನ 64 ಬಿಟ್ ಇನ್‌ಸ್ಟಾಲರ್ ಓಡಿಸಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ 1 ಜಿಬಿ ಡಿಸ್ಕ್ ಕಂಡರೆ ಗೆದ್ದಿರಿ. ಈ ಖಾಲಿ ಡಿಸ್ಕ್ ಯಾಕೆ ಅಂದರೆ, ಬರೀ ಇನ್‌ಸ್ಟಾಲರ್ ಓಡಿಸಿದರೆ ಸಾಲದು. ಆ ಕಂಟ್ರೋಲರ್ ಒಮ್ಮೆ ಕಣ್ಣಿಗೆ ಬಿದ್ದರೇನೇ ವಿಂಡೋಸ್ ಅದರ ಡ್ರೈವರನ್ನು ಬೂಟ್ ಹೊತ್ತಿಗೆ ಲೋಡ್ ಮಾಡುವುದು. ಈ ಹಂತ ಹಾರಿಸಿದವರೇ ಮತ್ತೆ ಅದೇ ನೀಲಿ ಪರದೆ ನೋಡುವುದು. ಬಸ್ ‘ವರ್ಟ್‌ಐಒ ಬ್ಲಾಕ್’ ಆರಿಸಿದರೆ ಬೇಕಾದ ಡ್ರೈವರೇ ಬೇರೆ, ಆದ್ದರಿಂದ ಖಾಲಿ ಡಿಸ್ಕ್ ಮತ್ತು ನಿಜವಾದ ಡಿಸ್ಕ್ ಎರಡಕ್ಕೂ ಒಂದೇ ಬಸ್ ಇರಲಿ. ಆಮೇಲೆ ಆಫ್ ಮಾಡಿ, ಖಾಲಿಯದನ್ನು ತೆಗೆದು, ನಿಜವಾದ ಡಿಸ್ಕನ್ನು ಸ್ಕಸಿಗೆ ಬದಲಿಸಿ, ಬೂಟ್ ಆರ್ಡರ್ ಮತ್ತೊಮ್ಮೆ ಸರಿಮಾಡಿ.

ಇದೇ ಥ್ರೆಡ್‌ನಲ್ಲಿ ಇನ್ನೊಬ್ಬರಿಗೆ ಕಪ್ಪು ಪರದೆಯಲ್ಲೇ ನಿಂತಿದೆಯಲ್ಲ, ಅದು ಬೇರೆ ಕಾಯಿಲೆ. ಹಳೆಯ ವಿಎಂಎಕ್ಸ್ ಫೈಲನ್ನು (ವಿಎಂವೇರ್‌ನಲ್ಲಿ ಆ ವಿಎಂನ ಸೆಟ್ಟಿಂಗ್ಸ್ ಇರುವ ಫೈಲ್) ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಫರ್ಮ್‌ವೇರ್ ಸಾಲಿನಲ್ಲಿ ಇಎಫ್‌ಐ ಅಂತಿದ್ದರೆ ಪ್ರಾಕ್ಸ್‌ಮಾಕ್ಸ್‌ನಲ್ಲೂ ಬಯಾಸ್ ಜಾಗದಲ್ಲಿ ಓವಿಎಂಎಫ್ (ಇಎಫ್‌ಐ ಬಗೆಯ ಫರ್ಮ್‌ವೇರ್) ಕೊಟ್ಟು, ಅದರ ಸೆಟ್ಟಿಂಗ್ಸ್ ಉಳಿಸುವ ಇಎಫ್‌ಐ ಡಿಸ್ಕ್ ಸೇರಿಸಬೇಕು. ಆ ಸಾಲೇ ಇಲ್ಲದಿದ್ದರೆ ಹಳೆಯ ಬಯಾಸ್ ಬಗೆಯ ಸೀಬಯಾಸ್ ಕೊಡಿ.

ಬೂಟ್ ಆದ ಮೇಲೆ ಡಿ ಡ್ರೈವ್ ಕಾಣದಿದ್ದರೆ ಹೆದರಬೇಡಿ. ಸರ್ವರ್ ಆವೃತ್ತಿಗಳು ಹೀಗೆ ಬಂದ ಡೇಟಾ ಡಿಸ್ಕನ್ನು ಆಫ್‌ಲೈನ್ ಇಡುವುದುಂಟು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ರೈಟ್ ಕ್ಲಿಕ್ ಮಾಡಿ ‘ಆನ್‌ಲೈನ್’ ಕೊಡಿ. ನೆಟ್‌ವರ್ಕ್ ಕಾರ್ಡ್ ಕೂಡ ಹೊಸದು ಅಂತಲೇ ಲೆಕ್ಕ, ಸ್ಥಿರ ಐಪಿ ಇದ್ದರೆ ಮತ್ತೆ ಹಾಕಬೇಕಾಗುತ್ತದೆ.